ನಿಂಬೆ-ಮೆಣಸಿನ ಕೋಳಿ ಕಹಿಯಾಗ್ತಿತ್ತು, ಸರಿಹೋಗಿದ್ದು ಹೀಗೆ

ಮೂರು ಭಾನುವಾರ ಓವನ್‌ನಲ್ಲಿ ಸುಟ್ಟ ಕೋಳಿ ಕಹಿಯಾಯ್ತು, ಚರ್ಮವೂ ಮೆತ್ತಗೆ. ಮೆಣಸು ಹೆಚ್ಚಾಯ್ತೇನೋ ಅಂತ ಕಡಿಮೆ ಮಾಡಿದೆ. ಏನೂ ಬದಲಾಗಲಿಲ್ಲ.

ಕೊನೆಗೆ ನಾನು ನಿಂಬೆ ಸಿಪ್ಪೆ ತುರಿಯೋವಾಗ ಅವ್ವ ತುರಿಮಣೆ ನೋಡಿ, "ಬಿಳೀದು ಯಾಕ ತುರೀತಿ? ಕಹಿ ಇರೋದ ಅದರಾಗ" ಅಂದಳು. ನಿಜ, ಘಮದ ಎಣ್ಣೆ ಇರೋದು ಮೇಲಿನ ಸಿಪ್ಪೆಯಲ್ಲಿ. ಈಗ ಆರು ನಿಂಬೆಹಣ್ಣಿನ ಹಳದಿಯನ್ನಷ್ಟೇ ಹಗುರಾಗಿ ತುರಿದು, ತಟ್ಟೆಗೆ ಹರಡಿ, ತೆಳು ಬಟ್ಟೆ ಕಟ್ಟಿ ಮಾಳಿಗೆ ಮೇಲಿಡುತ್ತೇನೆ. ನಮ್ಮ ರಾಯಚೂರಿನ ಏಪ್ರಿಲ್ ಬಿಸಿಲಿಗೆ ಸಂಜೆಯೊಳಗೆ ಬೆರಳಲ್ಲಿ ತಿಕ್ಕಿದರೆ ಪುಡಿಯಾಗುತ್ತೆ. ಅದಕ್ಕೆ ಎರಡು ಚಮಚ ಕರಿಮೆಣಸು, ಒಂದೂವರೆ ಚಮಚ ಉಪ್ಪು. ಮೆಣಸಿಗೆ ಮಿಕ್ಸಿ ಬೇಡ. ಕಲ್ಲಲ್ಲಿ ತರಿತರಿಯಾಗಿ ಕುಟ್ಟಿದರೇನೇ ಆ ಖಾರ ಮೂಗಿಗೆ ಹತ್ತೋದು.

ಚರ್ಮ ಮೆತ್ತಗಾಗ್ತಿದ್ದದ್ದು ಮೊದಲೇ ಹಚ್ಚುತ್ತಿದ್ದ ರಸದಿಂದ. ಈಗ ಕೋಳಿಯ ತೇವ ಒರೆಸಿ, ಪುಡಿಯನ್ನು ಹೆಚ್ಚಾಗಿ ಚರ್ಮದ ಕೆಳಗೇ ಸವರಿ, ರಾತ್ರಿಯಿಡೀ ಫ್ರಿಜ್‌ನ ಕೆಳಗಿನ ಹಲಗೆಯಲ್ಲಿ ಮುಚ್ಚದೆ ಇಡುತ್ತೇನೆ. (ಅಂಗಡಿಯಲ್ಲಿ ಚರ್ಮ ಸಮೇತ ಬೇಕು ಅಂತ ಮೊದಲೇ ಹೇಳಿ, ಇಲ್ಲಾಂದ್ರೆ ಸುಲಿದೇ ಕೊಡ್ತಾರೆ.) 200 ಡಿಗ್ರಿಯಲ್ಲಿ 1 ಕೆ.ಜಿ. ಕೋಳಿಗೆ ಸುಮಾರು ಒಂದು ಗಂಟೆ. ತೊಡೆಯ ಒಳಗೆ 74 ಡಿಗ್ರಿ ಮುಟ್ಟಬೇಕು. ರಸ ಹಿಂಡೋದು ತಟ್ಟೆಗೆ ಬಂದ ಮೇಲೆ.

ಮೊನ್ನೆ ಜೋಳದ ರೊಟ್ಟಿ ಜೊತೆ ಅವ್ವ ಎರಡನೇ ತುಂಡು ಕೇಳಿ ಹಾಕಿಸಿಕೊಂಡಳು.