‘ದಿ ಡಂಬ್ ವೇಟರ್’ ಅನ್ನು ಕನ್ನಡದಲ್ಲಿ ಆಡಿಸಿದಾಗ

ಇಂಗ್ಲಿಷ್ ನಾಟಕಕಾರ ಹೆರಾಲ್ಡ್ ಪಿಂಟರ್ 1957ರಲ್ಲಿ ‘ದಿ ಡಂಬ್ ವೇಟರ್’ ಬರೆದಾಗ ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ. ಬರ್ಮಿಂಗ್‌ಹ್ಯಾಮ್‌ನ ನೆಲಮಾಳಿಗೆಯೊಂದರಲ್ಲಿ ಆದೇಶಕ್ಕಾಗಿ ಕಾಯುವ ಬೆನ್ ಮತ್ತು ಗಸ್ ಎಂಬ ಇಬ್ಬರು ಬಾಡಿಗೆ ಹಂತಕರು, ದಿಂಬಿನಡಿಯಲ್ಲಿ ರಿವಾಲ್ವರ್, ಚುಟುಕು ಮಾತು. ಸಾಮಗ್ರಿಯೆಲ್ಲ ಪತ್ತೇದಾರಿ ಕಥೆಯದೇ. ಆದ್ದರಿಂದಲೇ ನನ್ನ ನಟರಿಬ್ಬರೂ ಮೊದಲ ವಾರ ಸಿನಿಮಾ ಖಳರ ಗಡಸು ದನಿಯಲ್ಲಿ ಮಾತನಾಡಿದರು, ಮತ್ತು ನಾಟಕದಲ್ಲಿದ್ದ ಭಯವೆಲ್ಲ ಆರಿಹೋಯಿತು.

ನಾನು ರಿವಾಲ್ವರ್‌ಗಳನ್ನು ತೆಗೆದಿಟ್ಟು, ಅಮೆರಿಕದ ಕಥೆಗಾರ ಹೆಮಿಂಗ್ವೇ ಅವರ 1927ರ ‘ದಿ ಕಿಲ್ಲರ್ಸ್’ ಕಥೆಯನ್ನು ನಟರಿಂದ ಗಟ್ಟಿಯಾಗಿ ಓದಿಸಿದೆ. ಅಲ್ಲಿಯೂ ಕೊಲ್ಲಲು ಬಂದವರು ಮೊದಲು ಜಗ್ಗಾಡುವುದು ಊಟದ ಪಟ್ಟಿಯ ಬಗ್ಗೆ. ಅಂದಿನಿಂದ ಕೊಲೆಯ ಮಾತನ್ನು ಗುಮಾಸ್ತರಂತೆ ಆಡುವುದು, ಸಿಟ್ಟನ್ನೆಲ್ಲ ಚಹಾದ ಜಗಳಕ್ಕೆ ಉಳಿಸಿಕೊಳ್ಳುವುದು ಎಂದು ನಿಶ್ಚಯಿಸಿದೆವು.

ಆ ಜಗಳವೇ ಅನುವಾದದಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ್ದು. ಹಚ್ಚಬೇಕಾದದ್ದು ಕೆಟಲನ್ನೋ ಗ್ಯಾಸನ್ನೋ ಎಂಬ ವಾದ ಬೆಳೆದು, ಹಿರಿಯನಾದ ಬೆನ್ ಗಸ್‌ನ ಕುತ್ತಿಗೆಗೆ ಕೈಹಾಕುತ್ತಾನೆ. ‘ಕೆಟಲ್ ಹಚ್ಚು’ ಎಂದು ಕನ್ನಡದಲ್ಲಿ ಯಾರೂ ಹೇಳುವುದಿಲ್ಲವಾದ್ದರಿಂದ ಹಾಗೆಯೇ ಇಟ್ಟರೆ ಬೆನ್ ಬರೀ ದಡ್ಡನಾಗುತ್ತಾನೆ. ಎರಡೂ ಪ್ರಯೋಗಗಳು ಬಳಕೆಯಲ್ಲಿರಬೇಕು, ಆಗಲೇ ಜಗಳ ಅಧಿಕಾರದ್ದಾಗುತ್ತದೆ. ಅನೇಕ ದಿನಗಳ ನಂತರ, ನಮ್ಮ ಮನೆಯಲ್ಲೇ ಕೇಳಿಬರುವ ‘ಚಹಾ ಇಡು’, ‘ನೀರು ಇಡು’ ಎಂಬ ಮಾತುಗಳು ಹೊಳೆದವು. ಬೆನ್ ಮೊದಲನೆಯದನ್ನು ಹಿಡಿದು ಪಟ್ಟುಹಿಡಿಯುತ್ತಾನೆ, ಸ್ವಲ್ಪ ಹೊತ್ತಿನಲ್ಲೇ ದಣಿದು ತನಗರಿವಿಲ್ಲದೆ ‘ನೀರಿಡು ಹೋಗು’ ಎನ್ನುತ್ತಾನೆ. ಮೂಲದಲ್ಲಿಯೂ ಅವನು ಹೀಗೆಯೇ ಗಸ್‌ನ ಮಾತಿಗೆ ಜಾರುತ್ತಾನೆ.

ಮೇಲಿನಿಂದ ಊಟದ ಚೀಟಿಗಳನ್ನು ಹೊತ್ತು ಧಡ್ಡೆಂದು ಇಳಿಯುವ ಪೆಟ್ಟಿಗೆಗೆ, ಅಂದರೆ ಶೀರ್ಷಿಕೆಯ ‘ಡಂಬ್ ವೇಟರ್’ ಎಂಬ ಊಟ ಸಾಗಿಸುವ ಪುಟ್ಟ ಲಿಫ್ಟಿಗೆ, ರಾಟೆ ಮತ್ತು ಮರಳಿನ ಚೀಲ ಸಾಕಾದವು.

ಕೊಲೆಯ ಎಂದಿನ ಕ್ರಮವನ್ನು ಬೆನ್ ಹೇಳಿಕೊಡುವ, ಗಸ್ ಪುನರುಚ್ಚರಿಸುವ ಭಾಗವನ್ನು ಶಾಲೆಯ ಮಕ್ಕಳು ಮಗ್ಗಿ ಒಪ್ಪಿಸುವ ಲಯದಲ್ಲಿ ಕೂಡಿಸಿದೆ. ಈ ಸಲ ಬೆನ್ ಒಂದು ಸಾಲನ್ನು, ಗಸ್ ತನ್ನ ರಿವಾಲ್ವರ್ ಹೊರತೆಗೆಯಬೇಕೆಂಬುದನ್ನು, ಬಿಟ್ಟುಬಿಡುತ್ತಾನೆ. ಲಯ ಗಟ್ಟಿಯಾಗಿದ್ದರೆ ಗಸ್ ಅದನ್ನು ಎತ್ತಿ ಹೇಳುವ ಮೊದಲೇ ಸಭೆಯ ಕಿವಿ ಆ ತೆರಪನ್ನು ಹಿಡಿಯುತ್ತದೆ ಎಂಬುದು ನನ್ನ ನಂಬಿಕೆಯಾಗಿತ್ತು. ಪ್ರದರ್ಶನದ ರಾತ್ರಿ ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಅಲ್ಲಿಯೇ ಬೆನ್ನು ನೆಟ್ಟಗೆ ಮಾಡಿ ಕುಳಿತದ್ದನ್ನು ಕಂಡೆ. ಕೊನೆಯಲ್ಲಿ ಕೋಟೂ ರಿವಾಲ್ವರೂ ಇಲ್ಲದ ಗಸ್ ಬಾಗಿಲಲ್ಲಿ ಮುಗ್ಗರಿಸಿ ನಿಂತು, ತನ್ನತ್ತ ಗುರಿಯಿಟ್ಟ ಬೆನ್‌ನತ್ತ ಕಣ್ಣೆತ್ತಿದಾಗ, ದೀಪ ಆರಿಸುವ ಸೂಚನೆಯನ್ನು ನಾನು ಇನ್ನೂ ಹಲವು ಉಸಿರುಗಳಷ್ಟು ತಡೆಹಿಡಿದೆ.