ಇಲಿಗಿಂತ ದೂಳೇ ಜಾಸ್ತಿ ಕಾಡಿತು

ಬೆಂಗಳೂರಿನ ಒಂದು ವಿಷಪರೀಕ್ಷೆ ಲ್ಯಾಬಿನಲ್ಲಿ ನನ್ನ ಕೆಲಸ. ಯಾವ ಪುಡಿ ಉಸಿರಿನಲ್ಲಿ ಹೋದರೆ ಶ್ವಾಸಕೋಶಕ್ಕೆ ಏನಾಗುತ್ತೆ ಅಂತ ನೋಡುವುದು. ಇಲಿಗಳ ಮೇಲೆ ಅಂತ ಹೇಳಿದ ಕೂಡಲೇ ಕೇಳಿದವರ ಮುಖ ಸಪ್ಪಗಾಗುತ್ತದೆ. ನನಗೂ ಆ ಕಸಿವಿಸಿ ಹೋಗಿಲ್ಲ. ಪ್ರತಿ ಇಲಿಗೂ ನೈತಿಕ ಸಮಿತಿ ಲೆಕ್ಕ ಕೇಳುತ್ತದೆ, ಕೇಳಲೇಬೇಕು. ಅದಕ್ಕೇ ಮೊದಲ ಇಲಿ ಒಳಗೆ ಬರುವ ಮುಂಚೆ ನಾವು ವಾರಗಟ್ಟಲೆ ಬರೀ ದೂಳಿನ ಜೊತೆ ಗುದ್ದಾಡುತ್ತೇವೆ.

ನಾನು ಪೂರ್ತಿ ನೋಡಿಕೊಂಡ ಮೊದಲ ಪ್ರಯೋಗ ಟೈಟೇನಿಯಂ ಡೈಆಕ್ಸೈಡಿನದು. ಬಿಳಿ ಪೇಂಟಿನಲ್ಲಿ, ಸನ್‌ಸ್ಕ್ರೀನಿನಲ್ಲಿ ಇರುವ ಪುಡಿ. ಇಂಥ ಪರೀಕ್ಷೆಗಳಿಗೆ ಮಾರ್ಗಸೂಚಿ ಬರೆಯುವ ಅಂತರರಾಷ್ಟ್ರೀಯ ಸಂಸ್ಥೆ ಒಇಸಿಡಿಯ 412ನೇ ಮಾರ್ಗಸೂಚಿ ಪ್ರಕಾರ 28 ದಿನದ ಪ್ರಯೋಗ. ದಿನಕ್ಕೆ 6 ಗಂಟೆ, ವಾರಕ್ಕೆ 5 ದಿನ. ಚೀಲದ ಮೇಲೆ ಕಣದ ಗಾತ್ರ 21 ನ್ಯಾನೋಮೀಟರ್ ಅಂತಿತ್ತು. ಇಷ್ಟು ಸಣ್ಣದು, ಸಲೀಸಾಗಿ ಒಳಗೆ ಹೋಗುತ್ತೆ ಅಂದುಕೊಂಡೆ.

ಗಾಳಿಗೆ ಹಾರಿಸಿ ಕ್ಯಾಸ್ಕೇಡ್ ಇಂಪ್ಯಾಕ್ಟರಿನಲ್ಲಿ (ಕಣಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಸಾಧನ) ಅಳೆದರೆ ಬಂದಿದ್ದು 3.4 ಮೈಕ್ರಾನ್, ಅಂದರೆ 3,400 ನ್ಯಾನೋಮೀಟರ್! ಸಣ್ಣ ಕಣಗಳೆಲ್ಲ ಒಂದಕ್ಕೊಂದು ಅಂಟಿ ಗಂಟು ಕಟ್ಟಿಕೊಂಡಿದ್ದವು. ನಮಗೆ ಬೇಕಾಗಿದ್ದು 2 ಮೈಕ್ರಾನ್ ಅಥವಾ ಅದಕ್ಕಿಂತ ಕಡಿಮೆ. ಇಲಿ ಬಾಯಲ್ಲಿ ಉಸಿರಾಡುವುದಿಲ್ಲ, ಮೂಗಿನಲ್ಲೇ. ದಪ್ಪ ಕಣ ಮೂಗಿನಲ್ಲೇ ಸಿಕ್ಕಿಕೊಂಡರೆ ಶ್ವಾಸಕೋಶದ ಬಗ್ಗೆ ನಾವು ಬರೆಯುವ ವರದಿಗೆ ಏನು ಅರ್ಥ?

ಮಳೆಗಾಲ ಬೇರೆ. ಪುಡಿ ತೇವ ಎಳೆದುಕೊಂಡಿದೆ ಅಂತ ಗಾಳಿಯನ್ನು ಚೆನ್ನಾಗಿ ಒಣಗಿಸಿದೆ. ಆಗ ಸ್ಟ್ಯಾಟಿಕ್ (ಸ್ಥಿರ ವಿದ್ಯುತ್) ಶುರುವಾಗಿ ಪೈಪಿನ ಗೋಡೆಗೆ ದೂಳು ಮೆತ್ತಿಕೊಂಡಿತು. ಗಂಟೆಗೆ ಖರ್ಚಾದ ಪುಡಿಯನ್ನು ಗಾಳಿಯ ಪ್ರಮಾಣದಿಂದ ಭಾಗಿಸಿದರೆ ಒಂದು ಸಂಖ್ಯೆ ಸಿಗುತ್ತದೆ. ಅದು ಕಾಗದದ ಮೇಲಿನ ಪ್ರಮಾಣ ಅಷ್ಟೆ. ಇಲಿಯ ಮೂಗಿನ ಹತ್ತಿರ ಫಿಲ್ಟರ್ ಇಟ್ಟು ತೂಕ ಮಾಡಿದರೆ ಅದರ ಕಾಲು ಭಾಗವೂ ಇರಲಿಲ್ಲ. ಕೊನೆಗೆ ಗಂಟುಗಳನ್ನು ಒಡೆಯಲು ಜೆಟ್ ಮಿಲ್, ದಪ್ಪ ಕಣ ತಡೆಯಲು ಗಾಳಿಯನ್ನು ಸುತ್ತಿಸುವ ಸೈಕ್ಲೋನ್ ಅನ್ನುವ ಒಂದು ಸಾಧನ, ಸ್ಟ್ಯಾಟಿಕ್ ಕಳೆಯಲು ಅಯಾನೈಸರ್ ಕೂಡಿಸಿದ ಮೇಲೆ ಕಣದ ಗಾತ್ರ 1.7 ಮೈಕ್ರಾನಿಗೆ ಬಂತು. ನಡುವೆ ಫಿಲ್ಟರನ್ನು ಕೋಣೆಯ ತೇವಕ್ಕೆ ಹೊಂದಿಕೊಳ್ಳಲು ಬಿಡದೆ ತೂಗಿ ಎರಡು ದಿನದ ಲೆಕ್ಕ ಹಾಳು ಮಾಡಿದ್ದು ನಾನೇ.

ಇಲಿಗಳನ್ನು ಒಂದೊಂದು ಟ್ಯೂಬಿನಲ್ಲಿ ಕೂರಿಸಿ ಮೂಗು ಮಾತ್ರ ದೂಳಿನ ಕಡೆ ಬಿಡುತ್ತೇವೆ. ಮೈಯೆಲ್ಲ ಒಳಗಿಟ್ಟರೆ ತುಪ್ಪಳದ ಮೇಲೆ ದೂಳು ಕೂರುತ್ತದೆ, ಅವು ನೆಕ್ಕಿ ನುಂಗುತ್ತವೆ. ಟ್ಯೂಬಿಗೆ ಮೊದಲೇ ಅಭ್ಯಾಸ ಮಾಡಿಸಬೇಕು. ಮೊದಲ ದಿನ ಅರ್ಧ ಗಂಟೆ, ಆಮೇಲೆ ಸ್ವಲ್ಪ ಸ್ವಲ್ಪ ಜಾಸ್ತಿ. ಬಾಲ ಹೊರಗಿರಬೇಕು, ಇಲಿ ಮೈಯ ಬಿಸಿ ಕಳೆದುಕೊಳ್ಳುವುದು ಬಾಲದಿಂದ.

28 ದಿನ ಮುಗಿದ ಮೇಲೆ ಶ್ವಾಸಕೋಶದ ಒಂದು ಭಾಗ ತೊಳೆದು ಆ ನೀರಿನ ಜೀವಕೋಶ ಎಣಿಸಿದೆವು. ಹೆಚ್ಚು ಪ್ರಮಾಣದ ಗುಂಪಿನಲ್ಲಿ ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣ ಏರಿತ್ತು, ಅಂದರೆ ಉರಿಯೂತ. ಹೊರಗಿನ ಕಸ ನುಂಗುವ ಜೀವಕೋಶಗಳಾದ ಮ್ಯಾಕ್ರೋಫೇಜ್‌ಗಳ ಹೊಟ್ಟೆಯ ತುಂಬ ಕಣಗಳು. ಪುಡಿ ಹಾಲಿನಷ್ಟು ಬಿಳಿ, ಆದರೆ ಸೂಕ್ಷ್ಮದರ್ಶಕದಲ್ಲಿ ಕಪ್ಪಾಗಿ ಕಾಣುತ್ತದೆ. ಮೊದಲ ಸಲ ನೋಡಿ ಸ್ಲೈಡ್ ಕೊಳಕಾಗಿದೆ ಅಂದುಕೊಂಡಿದ್ದೆ.

ಸತು ಆಕ್ಸೈಡಿನ ಆಟವೇ ಬೇರೆ. ಅದು ಒಳಗೆ ಕರಗುತ್ತದೆ. ಉರಿಯೂತ ಬೇಗ ಏರಿ ಬೇಗ ಇಳಿಯುತ್ತದೆ. ಸತು ಲೇಪಿಸಿದ ಕಬ್ಬಿಣ ವೆಲ್ಡಿಂಗ್ ಮಾಡುವವರಿಗೆ ಸಂಜೆ ಜ್ವರ ಬಂದು ಮರುದಿನ ಬಿಡುತ್ತದಲ್ವಾ, ಹಾಗೆ. ಟೈಟೇನಿಯಂ ಕರಗುವುದಿಲ್ಲ, ಮ್ಯಾಕ್ರೋಫೇಜ್ ಹೊತ್ತುಕೊಂಡೇ ಹೋಗಬೇಕು. ಹೊರೆ ಮಿತಿ ಮೀರಿದರೆ ಅದು ನಡೆಯುವುದನ್ನೇ ನಿಲ್ಲಿಸುತ್ತದೆ. ಇದನ್ನು ಓವರ್‌ಲೋಡ್ ಅನ್ನುತ್ತೇವೆ. 1985ರಲ್ಲಿ ಪ್ರಕಟವಾದ ಎರಡು ವರ್ಷದ ಪ್ರಯೋಗದಲ್ಲಿ ಘನ ಮೀಟರಿಗೆ 250 ಮಿಲಿಗ್ರಾಂ ಉಸಿರಾಡಿದ ಇಲಿಗಳಿಗೆ ಶ್ವಾಸಕೋಶದ ಗೆಡ್ಡೆ ಬಂತು, 10 ಮತ್ತು 50ರ ಗುಂಪಿನಲ್ಲಿ ಹಾಗೆ ಹೆಚ್ಚಲಿಲ್ಲ. "ಹಾಗಾದ್ರೆ ಮನೆ ಗೋಡೆ ಪೇಂಟಿನಿಂದ ಕ್ಯಾನ್ಸರಾ?" ಅಂತ ನಮ್ಮ ಅತ್ತೆ ಕೇಳಿದ್ದರು. ಇಲ್ಲ ಅತ್ತೆ, ಒಣಗಿದ ಪೇಂಟಿನಲ್ಲಿ ಪುಡಿ ಅಂಟಿಕೊಂಡಿರುತ್ತದೆ, ಹಾರುವುದಿಲ್ಲ. ಗೋಡೆ ಉಜ್ಜುವಾಗ ಮಾತ್ರ ಮಾಸ್ಕ್ ಹಾಕಿಕೊಳ್ಳಿ, ಅಂದೆ.

ಕೆಲವು ಇಲಿಗಳನ್ನು ದೂಳು ನಿಲ್ಲಿಸಿದ ಮೇಲೆ 90 ದಿನ ಸುಮ್ನೆ ಇಟ್ಟುಕೊಂಡಿದ್ದೆವು. ಅವುಗಳ ನ್ಯೂಟ್ರೋಫಿಲ್ ಇಳಿದಿತ್ತು. ಸ್ಲೈಡಿನಲ್ಲಿ ಆ ಕಪ್ಪು ಕಣಗಳು ಮಾತ್ರ ಇನ್ನೂ ಅಲ್ಲೇ ಇದ್ದವು.