ಗುಜರಿಯಲ್ಲಿ ಸಿಕ್ಕ ಹಳೇ ಟೂಲ್ ಯಾವುದು? ಕೇಳುವ ಮುಂಚೆ ಅಳೆಯಿರಿ

ಬೆಂಗಳೂರಿನ ಸಂಡೆ ಬಜಾರಿನಲ್ಲಿ, ಗುಜರಿ ಅಂಗಡಿಗಳಲ್ಲಿ, ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಗಳಲ್ಲಿ ಹೆಸರೇ ಗೊತ್ತಿಲ್ಲದ ಟೂಲ್‌ಗಳು ಸಿಗುತ್ತಲೇ ಇರುತ್ತವೆ. ಎಷ್ಟೋ ಜನ ಅದನ್ನು ಮಂಚದ ಮೇಲಿಟ್ಟು ಮಬ್ಬು ಫೋಟೊ ತೆಗೆದು, ಬೈಕ್ ಗೆಳೆಯರಿಗೆಲ್ಲ ಕಳಿಸಿ ‘ಇದೇನು ಹೇಳಿ’ ಎನ್ನುತ್ತಾರೆ. ಹತ್ತು ಜನ ಹತ್ತು ಹೆಸರು ಹೇಳುತ್ತಾರೆ, ಟೂಲ್ ಮತ್ತೆ ಗುಜರಿಗೇ ಹೋಗುತ್ತದೆ. ಹಳೇ ಗಾಡಿ ಓಡಿಸುವವರಿಗೆ ಬೇಕಾದಷ್ಟು ಗೊತ್ತಿರುತ್ತದೆ. ಆದರೆ ಅವರಿಗೆ ನೀವು ಅಳತೆ ಕೊಡಬೇಕು.

ಮೊದಲು ಸೀಮೆಎಣ್ಣೆ, ಹಳೇ ಟೂತ್‌ಬ್ರಷ್, ಬಟ್ಟೆ. ಅಷ್ಟೇ ಸಾಕು. ಗ್ರೈಂಡರಿಗೆ ವೈರ್ ಬ್ರಷ್ ಹಾಕಿ ಉಜ್ಜಬೇಡಿ. ಟಾಯ್ಲೆಟ್ ತೊಳೆಯುವ ಆಸಿಡ್‌ನಲ್ಲಿ ಅದ್ದುವುದಂತೂ ಬೇಡವೇ ಬೇಡ, ತುಕ್ಕಿನ ಜೊತೆ ಅಚ್ಚೊತ್ತಿದ ಅಕ್ಷರವನ್ನೂ ಅದು ತಿಂದುಬಿಡುತ್ತದೆ.

ಅಕ್ಷರ ಮಸುಕಾಗಿದ್ದರೆ ಸೀಮೆಸುಣ್ಣ ಉಜ್ಜಿ, ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ಪಾನಾದ ಮೇಲೆ ‘1/4 ಡಬ್ಲ್ಯೂ’ ಅಂತಿದ್ದು ಬಾಯಿ ಅಳೆದರೆ ಸುಮಾರು 13.3 ಮಿ.ಮೀ. ಬರುತ್ತದೆ. ಇದನ್ನು ನೋಡಿ ‘ಪಾನಾ ಸವೆದಿದೆ’ ಎಂದು ಎಸೆಯುವವರಿದ್ದಾರೆ. ಅದು ಸವೆದಿಲ್ಲ. ಬ್ರಿಟಿಷರ ವಿಟ್‌ವರ್ತ್ ಪದ್ಧತಿಯಲ್ಲಿ ಪಾನಾದ ಮೇಲಿನ ಸಂಖ್ಯೆ ಬೋಲ್ಟಿನ ದಪ್ಪವನ್ನು ಹೇಳುತ್ತದೆ, ಬಾಯಿಯ ಅಗಲವನ್ನಲ್ಲ. ಹಳೇ ಬುಲೆಟ್, ಬಿಎಸ್‌ಎ ಬೈಕ್ ಇಟ್ಟುಕೊಂಡವರನ್ನು ಕೇಳಿ. ಜಾವಾ, ಯೆಜ್ಡಿಯದು ಮಿಲಿಮೀಟರ್ ಲೆಕ್ಕ.

ಜಾಸ್ತಿ ಜನ ಎಡವುವುದು ಥ್ರೆಡ್ ಅಳೆಯುವಲ್ಲಿ. ಒಂದು ತುದಿಯಲ್ಲಿ ಥ್ರೆಡ್ ಇರುವ, ಗಿಡ್ಡ ಕೊಳವೆಯಂಥ ಟೂಲ್ ಸಿಕ್ಕಿದೆ ಎಂದುಕೊಳ್ಳಿ. ವರ್ನಿಯರ್‌ನಿಂದ (ದವಡೆಯಲ್ಲಿ ಹಿಡಿದು ಅಳೆಯುವ ಸ್ಕೇಲ್) ಥ್ರೆಡ್ಡಿನ ಹೊರ ಅಳತೆ ತೆಗೆಯಿರಿ. ವರ್ನಿಯರ್ ಸ್ಟೀಲಿನದೇ ಇರಲಿ, ಪ್ಲಾಸ್ಟಿಕ್ಕಿನದು ಒತ್ತಿದರೆ ಬಾಗುತ್ತದೆ. 14 ಮಿ.ಮೀ. ಹತ್ತಿರ ಬಂತಾ? ಈಗ ಥ್ರೆಡ್ಡಿನ ಒಂದು ಏಣಿನಿಂದ ಶುರುಮಾಡಿ ಹತ್ತು ಅಂತರ ಎಣಿಸಿ ಅಳೆಯಿರಿ. 12.5 ಮಿ.ಮೀ. ಬಂದರೆ ಪಿಚ್, ಅಂದರೆ ಎರಡು ಏಣುಗಳ ನಡುವಿನ ಅಂತರ, 1.25 ಮಿ.ಮೀ. ಇದು ಸಾಮಾನ್ಯ ಸ್ಪಾರ್ಕ್ ಪ್ಲಗ್ಗಿನ ಥ್ರೆಡ್. ಅಷ್ಟು ಥ್ರೆಡ್ ಇಲ್ಲದಿದ್ದರೆ ಐದೇ ಎಣಿಸಿ ಭಾಗಿಸಿ. ಆಮೇಲೆ ಒಂದು ಹಳೇ ಪ್ಲಗ್ ತಂದು, ಎರಡರ ಥ್ರೆಡ್ ಒಂದಕ್ಕೊಂದು ತಾಗಿಸಿ, ಕಿಟಕಿ ಬೆಳಕಿಗೆ ಹಿಡಿದು ನೋಡಿ. ಉದ್ದಕ್ಕೂ ಹಲ್ಲುಗಳು ಕಚ್ಚಿಕೊಂಡು ಸಂದಿಯಲ್ಲಿ ಬೆಳಕು ಕಾಣದಿದ್ದರೆ ಎರಡೂ ಒಂದೇ. ಮೊದಲೆರಡು ಹಲ್ಲು ಕೂತು ಆಮೇಲೆ ಏರುಪೇರಾದರೆ ಬೇರೆ.

ಪ್ಲಗ್ ತೂತಿಗೆ ಹೋಗುವ ಟೂಲ್ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಒಳಗೆ ಗುರುತು ಹಾಕಿದ ಕಡ್ಡಿ ಸರಿದಾಡುತ್ತಿದ್ದರೆ ಅದು ಪಿಸ್ಟನ್ ಎಲ್ಲಿದೆ ಎಂದು ನೋಡಿ ಟೈಮಿಂಗ್ (ಕಿಡಿ ಹಾರುವ ಸಮಯ) ಕೂರಿಸುವ ಗೇಜ್ ಇರಬಹುದು. ಕಡ್ಡಿ ಅಲುಗಾಡದಿದ್ದರೆ ಪಿಸ್ಟನ್ ತಡೆಯುವ ಸ್ಟಾಪರ್. ಬರೀ ಟೊಳ್ಳಾಗಿದ್ದು ಇನ್ನೊಂದು ತುದಿಯಲ್ಲೂ ಥ್ರೆಡ್ ಇದ್ದರೆ ಎಂಜಿನ್ನಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜಿನ ಅಡಾಪ್ಟರ್.

ಫೋಟೊ ಮೂರು ಕಡೆಯಿಂದ ತೆಗೆಯಿರಿ, ಪಕ್ಕದಲ್ಲಿ ಸ್ಕೇಲ್ ಇರಲಿ. ನಾಣ್ಯ ಇಡಬೇಡಿ, ನಮ್ಮಲ್ಲಿ ಒಂದೇ ಬೆಲೆಯ ನಾಣ್ಯವೂ ಬೇರೆ ಬೇರೆ ಗಾತ್ರದಲ್ಲಿ ಬಂದಿದೆ.

ಆದರೆ ನನ್ನ ಮಾತು ಕೇಳುವುದಾದರೆ, ಟೂಲನ್ನೇ ಜೇಬಿನಲ್ಲಿಟ್ಟುಕೊಂಡು ಸವಾರರು ಸೇರುವಲ್ಲಿಗೆ ಹೋಗಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು, ಅಲ್ಲಿ ತಯಾರಾದ ಗಾಡಿಗಳನ್ನು ಪ್ರೀತಿಯಿಂದ ಓಡಿಸುವವರು ಈಗಲೂ ಇದ್ದಾರೆ. ಜುಲೈ ಎರಡನೇ ಭಾನುವಾರ ಜಾವಾ, ಯೆಜ್ಡಿ ಸವಾರರು ಸೇರುವ ಜಾವಾ ದಿನಕ್ಕಿಂತ ಒಳ್ಳೆಯ ಸಂದರ್ಭ ಇಲ್ಲ. ‘ಇದೇನು’ ಅನ್ನಬೇಡಿ. ‘ಸರ್, ಇದನ್ನ ನೀವು ಬಳಸಿದ್ದೀರಾ? ಯಾವ ಗಾಡಿಲಿ, ಏನು ಬಿಚ್ಚೋಕೆ?’ ಅನ್ನಿ. ಬಳಸಿದವರ ಕೈಗೆ ಕೊಟ್ಟರೆ ಹಿಡಿಯುವ ರೀತಿಯಲ್ಲೇ ಗೊತ್ತಾಗುತ್ತದೆ. ಗುಂಪಿನಲ್ಲಿ ಎಲ್ಲರನ್ನೂ ಒಟ್ಟಿಗೆ ಕೇಳಿದರೆ ಮೊದಲು ಮಾತಾಡಿದವರ ಉತ್ತರಕ್ಕೇ ಉಳಿದವರೂ ತಲೆಯಾಡಿಸುತ್ತಾರೆ. ಒಬ್ಬೊಬ್ಬರನ್ನೇ ಕೇಳಿ. ಬೇರೆ ಬೇರೆ ಕೇಳಿದ ಇಬ್ಬರು ಒಂದೇ ಗಾಡಿ, ಒಂದೇ ಕೆಲಸ ಹೇಳಿದರೆ ನಂಬಬಹುದು.

ಕೊನೆಗೆ ತಣ್ಣಗಿರುವ ಎಂಜಿನ್ ಮೇಲೆ ಪರೀಕ್ಷಿಸಿ. ಬೆರಳಲ್ಲೇ ತಿರುಗಿಸಿ, ಪಾನಾ ಮುಟ್ಟಬೇಡಿ. ಎರಡು ಸುತ್ತು ತಿರುಗುವಷ್ಟರಲ್ಲೇ ಬಿಗಿಯಾದರೆ ಅಲ್ಲಿಗೇ ಬಿಟ್ಟು ಹೊರಗೆ ತೆಗೆಯಿರಿ. ಅಲ್ಯುಮಿನಿಯಂ ಹೆಡ್ಡಿನ ಥ್ರೆಡ್ ಹಾಳಾದರೆ ಲೇತ್ ಅಂಗಡಿಗೆ ಅಲೆಯಬೇಕಾಗುತ್ತದೆ. ಸರಿಯಾಗಿ ಕೂತರೆ ಗಾಡಿಯ ಹೆಸರು, ಭಾಗ, ಅಳತೆ ಬರೆದ ಚೀಟಿಯನ್ನು ತಂತಿಯಲ್ಲಿ ಟೂಲಿಗೇ ಕಟ್ಟಿ, ಎಣ್ಣೆ ಸವರಿ ಇಡಿ.